ತರುಣರ ತಲೆಗೂದಲು, ಹಿರಿಯರ ಹೊಣೆ

ಮನೆಯ ಹಿರಿಯರಿಗೆ ಅಲ್ಪವೆಂದು ತೋರುವ ಸಂಗತಿ ಮನೆಯ ಕಿರಿಯರ ಎದೆಯ ಮೇಲೆ ಬೆಟ್ಟವಾಗಿ ಕುಳಿತಿರುವುದುಂಟು. ತರುಣರ ತಲೆಗೂದಲು ಅಂಥ ಸಂಗತಿಗಳಲ್ಲಿ ಒಂದು. ಅರುವತ್ತು ದಾಟಿದವರ ನೆತ್ತಿ ಬೋಳಾದರೆ ಅದನ್ನು ಯಾರೂ ಗಮನಿಸುವುದಿಲ್ಲ, ಅವರೂ ಗಮನಿಸುವುದಿಲ್ಲ. ಆದರೆ ಇಪ್ಪತ್ತು ಇಪ್ಪತ್ತೆರಡರ ಹುಡುಗನೊಬ್ಬ ಬೆಳಗೆದ್ದು ದಿಂಬಿನ ಮೇಲೆ, ಬಾಚಣಿಗೆಯ ಹಲ್ಲುಗಳಲ್ಲಿ, ಬಚ್ಚಲಿನ ನೆಲದಲ್ಲಿ ಉದುರಿದ ಕೂದಲನ್ನು ಎಣಿಸತೊಡಗಿದನೆಂದರೆ ಅವನ ಓದು, ಉದ್ಯೋಗ, ನಿದ್ರೆ ಮೂರೂ ಕೆಡತೊಡಗುತ್ತವೆ. ಮದುವೆ ಮುಂಜಿಗಳಿಗೆ ಹೋಗಲು ಅವನಿಗೆ ಮನಸ್ಸಾಗುವುದಿಲ್ಲ. ಜಾತ್ರೆಗೆ ಹೋದರೂ ಟೋಪಿ ತೆಗೆಯುವುದಿಲ್ಲ. ಇಂಥ ಮಕ್ಕಳ ತಂದೆತಾಯಿಗಳು ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲಿ ಬಂದು, ಕೂದಲು ಕಸಿ ಮಾಡಿಸಬಹುದೇ, ಅದರಿಂದ ಕೆಡುಕುಂಟೇ ಎಂದು ಕೇಳುವುದು ಹೆಚ್ಚಾಗಿದೆ. ಆದ್ದರಿಂದ ಈ ತಿಂಗಳ ಪುಟಗಳನ್ನು ಇದೇ ವಿಷಯಕ್ಕೆ ಮೀಸಲಿಡುತ್ತಿದ್ದೇವೆ.

ಹಾವೇರಿ ಸೀಮೆಯ ಗೃಹಸ್ಥರೊಬ್ಬರು ಬರೆದ ಪತ್ರ ನಮ್ಮ ಮುಂದಿದೆ. ಅವರ ಮಗನಿಗೆ 23 ವರ್ಷ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಎರಡೇ ವರ್ಷದಲ್ಲಿ ಹಣೆಯ ಎರಡು ಮೂಲೆಗಳೂ ಹಿಂದಕ್ಕೆ ಸರಿದು, ನೆತ್ತಿಯೂ ತೆಳುವಾಗಿದೆ. ಕನ್ಯೆ ನೋಡಲು ಹೋದ ಎರಡು ಕಡೆಗಳಿಂದ ಕಾರಣ ಹೇಳದೆ 'ಬೇಡ' ಎಂಬ ಮಾತು ಬಂದಿದೆ. ನಗರದ ಕಸಿ ಕೇಂದ್ರವೊಂದರವರು ಒಂದೇ ಸಲಕ್ಕೆ 3,500 ಬೇರುಗಳನ್ನು ನೆಟ್ಟು ಹದಿನೆಂಟರ ಹರೆಯದ ಹಣೆಯನ್ನೇ ಮರಳಿ ತಂದುಕೊಡುವುದಾಗಿ ಹೇಳಿದ್ದಾರಂತೆ. ಈ ತಿಂಗಳೊಳಗೆ ಹಣ ಕಟ್ಟಿದರೆ ದರದಲ್ಲಿ ರಿಯಾಯಿತಿಯೂ ಉಂಟಂತೆ. ತಾಯಿ ತಮ್ಮ ಬಂಗಾರವನ್ನು ಬ್ಯಾಂಕಿನಲ್ಲಿ ಒತ್ತೆಯಿಡಲು ಸಿದ್ಧರಿದ್ದಾರೆ. 'ಆರು ತಿಂಗಳಲ್ಲಿ ಮದುವೆ ಮಾಡಬೇಕೆಂದಿದ್ದೇವೆ, ಏನು ಮಾಡಲಿ?' ಎಂದು ತಂದೆ ಕೇಳಿದ್ದಾರೆ. ಈ ಪತ್ರ ಒಂದು ಮನೆಯದಲ್ಲ, ನೂರಾರು ಮನೆಗಳದು. ಆದುದರಿಂದ ಉತ್ತರವನ್ನೂ ಎಲ್ಲರಿಗಾಗಿ ಬರೆಯುತ್ತಿದ್ದೇವೆ.

ಬೊಕ್ಕತಲೆ ಇಂದು ನಿನ್ನೆಯ ವ್ಯಾಧಿಯಲ್ಲ. ಚರಕ ಸಂಹಿತೆಯಲ್ಲಿ ಕೂದಲುದುರುವುದನ್ನು ಖಾಲಿತ್ಯವೆಂದೂ ನರೆಯುವುದನ್ನು ಪಾಲಿತ್ಯವೆಂದೂ ಕರೆದಿದ್ದಾರೆ; ಸುಶ್ರುತ ಸಂಹಿತೆಯಲ್ಲಿ ಇಂದ್ರಲುಪ್ತವೆಂಬ ಹೆಸರು ಬರುತ್ತದೆ. ಗ್ರೀಕರ ವೈದ್ಯ ಹಿಪೊಕ್ರಾಟಿಸನ ಹೆಸರಿನ ಸೂತ್ರಗಳಲ್ಲಿ, ನಪುಂಸಕರಾದವರಿಗೆ ತಲೆ ಬೋಳಾಗುವುದಿಲ್ಲವೆಂಬ ಮಾತಿದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಅವಲೋಕನದ ಮರ್ಮ ತಿಳಿದದ್ದು 1942ರಲ್ಲಿ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿದ್ವಾಂಸರು, ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡ ಗಂಡಸರಿಗೆ ಬೊಕ್ಕತಲೆ ಬರುವುದಿಲ್ಲವೆಂದೂ, ಅಂಥವರಿಗೆ ಗಂಡುರಸವನ್ನು ಹೊರಗಿನಿಂದ ಕೊಟ್ಟಾಗ ವಂಶದ ಒಲವಿದ್ದವರಲ್ಲಿ ಕೂದಲು ಉದುರತೊಡಗುತ್ತದೆಂದೂ ತೋರಿಸಿಕೊಟ್ಟರು. ಅಂದರೆ ಇದಕ್ಕೆ ಎರಡು ಕಾರಣಗಳು ಕೂಡಬೇಕು: ಒಂದು ವಂಶದಿಂದ ಬಂದ ಒಲವು, ಇನ್ನೊಂದು ದೇಹದ ಸಹಜವಾದ ಗಂಡುರಸ.

ಇದು ನಡೆಯುವ ಬಗೆಯನ್ನು ಸರಳವಾಗಿ ಹೇಳುತ್ತೇವೆ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದೂ ತನ್ನ ಕೇಶಕೂಪದಲ್ಲಿ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಕೂಪದಲ್ಲಿ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಲ್ಲಿಯೂ ಸಹಜ. ಟೆಸ್ಟೋಸ್ಟೆರಾನ್ ಎಂಬ ಗಂಡುರಸವು ದೇಹದ ಒಂದು ಕಿಣ್ವದಿಂದ ಡಿಎಚ್‌ಟಿ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಹಣೆಯ ಅಂಚಿನ ಮತ್ತು ನೆತ್ತಿಯ ಕೂಪಗಳು ವಂಶದ ಒಲವಿದ್ದವರಲ್ಲಿ ಈ ರಸವನ್ನು ತಾಳಲಾರವು. ಪ್ರತಿ ಸುತ್ತಿನಲ್ಲಿಯೂ ಅವುಗಳ ಬೆಳವಣಿಗೆಯ ಅವಧಿ ಕಿರಿದಾಗುತ್ತದೆ, ಕೂದಲು ಎಳೆಯಂತೆ ಸಣ್ಣದಾಗುತ್ತದೆ, ಕೊನೆಗೆ ನಯವಾದ ರೋಮವಷ್ಟೇ ಉಳಿಯುತ್ತದೆ. ಹಿಂದಲೆಯ ಮತ್ತು ಕಿವಿಗಳ ಮೇಲಣ ಕೂಪಗಳಿಗೆ ಅದರ ಬಾಧೆ ಕಡಿಮೆ. ಮೇಲೆಲ್ಲ ಬೋಳಾದ ಮುದುಕರಿಗೂ ಸುತ್ತಲಿನ ಕೂದಲಿನ ಪಟ್ಟಿ ಉಳಿದಿರುವುದು ಈ ಕಾರಣದಿಂದ.

ಹೀಗಿರುವಾಗ ಬೋರ್‌ವೆಲ್ಲಿನ ಗಡಸು ನೀರು, ಹೆಲ್ಮೆಟ್, ಹಾಸ್ಟೆಲ್ಲಿನ ಊಟ ಎಂದು ಕಂಡಕಂಡದ್ದನ್ನೆಲ್ಲ ದೂರುವುದು ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದಂತೆ. ಗಡಸು ನೀರಿನಿಂದ ಕೂದಲು ಒರಟಾಗಬಹುದು. ವಂಶದಿಂದ ಬರುವ ಬೊಕ್ಕತಲೆ ಅದರಿಂದ ಹುಟ್ಟುವುದಿಲ್ಲ. ಪದೇ ಪದೇ ತಲೆ ಬೋಳಿಸಿದರೆ ದಟ್ಟವಾಗಿ ಬೆಳೆಯುತ್ತದೆಂಬ ನಂಬಿಕೆಗೂ ಆಧಾರವಿಲ್ಲ, ಏಕೆಂದರೆ ಕ್ಷೌರಿಕನ ಕತ್ತಿ ಚರ್ಮದ ಮೇಲಿನದನ್ನು ಮುಟ್ಟುತ್ತದೆಯೇ ಹೊರತು ಬೇರನ್ನಲ್ಲ. ತಾಯಿಯ ತಂದೆಯನ್ನು ನೋಡಿದರೆ ಸಾಕೆಂಬ ಮಾತು ಅರ್ಧ ಸತ್ಯ. ಒಂದು ಮುಖ್ಯ ಅಂಶ ತಾಯಿಯ ಕಡೆಯಿಂದ ಬರುವುದು ನಿಜ, ಆದರೆ ಉಳಿದ ಅನೇಕ ಅಂಶಗಳು ಎರಡೂ ಮನೆತನಗಳಿಂದ ಬರುತ್ತವೆ. ಆದುದರಿಂದ 'ನಿನ್ನ ತವರಿನ ತಲೆ ಇದು' ಎಂದು ಗಂಡನು ಹೆಂಡತಿಯನ್ನು ಹಂಗಿಸುವುದು ನ್ಯಾಯವೂ ಅಲ್ಲ, ಶಾಸ್ತ್ರವೂ ಅಲ್ಲ.

ಎಲ್ಲ ಕೂದಲುದುರುವಿಕೆಯೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಟೈಫಾಯಿಡ್, ಡೆಂಗಿ, ಕೋವಿಡ್‌ಗಳಂಥ ಜ್ವರ ಬಂದುಹೋದ ಎರಡು ಮೂರು ತಿಂಗಳ ಮೇಲೆ ಹಿಡಿಹಿಡಿಯಾಗಿ ಕೂದಲು ಉದುರುವುದುಂಟು. ಅದು ಬಹುಮಟ್ಟಿಗೆ ತಾನಾಗಿಯೇ ಮರಳಿ ಬರುತ್ತದೆ. ರಕ್ತದಲ್ಲಿ ಕಬ್ಬಿಣದ ಕೊರತೆ, ಥೈರಾಯಿಡ್ ಗ್ರಂಥಿಯ ದೋಷಗಳಿಂದಲೂ ಉದುರುತ್ತದೆ. ಹಳ್ಳಿಗಳಲ್ಲಿ 'ಹುಳ ತಿಂದಿದೆ' ಎನ್ನುವಂತೆ ನಾಣ್ಯದಗಲ ದುಂಡಗೆ ಬೋಳಾಗುವುದು ಬೇರೆಯೇ ರೋಗ. ಇವುಗಳಿಗೆಲ್ಲ ಕಸಿ ಮದ್ದಲ್ಲ. ಅಲ್ಲಿ ಬೇಕಾದುದು ಮೂಲವನ್ನು ಗುರುತಿಸಿ ಮಾಡುವ ಚಿಕಿತ್ಸೆ. ಆದ್ದರಿಂದ ಮೊದಲ ಹೆಜ್ಜೆ ಕಸಿ ಕೇಂದ್ರದ ಕಡೆಗಲ್ಲ, ಚರ್ಮರೋಗ ತಜ್ಞರ ಕಡೆಗೆ. ಹುಬ್ಬಳ್ಳಿ, ಬಳ್ಳಾರಿ, ಮೈಸೂರುಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಅಲ್ಲಿ ತೋರಿಸಲು ಬಂಗಾರವನ್ನು ಒತ್ತೆಯಿಡಬೇಕಾಗಿಲ್ಲ.

ಇನ್ನು ಕಸಿಯ ವಿಚಾರ. ಸುಟ್ಟ ಗಾಯಗಳ ಕಲೆಯ ಮೇಲೆ ಕೂದಲನ್ನು ನೆಡುವ ವಿಧಾನವನ್ನು 1939ರಲ್ಲಿಯೇ ಜಪಾನಿನ ಶೋಜಿ ಒಕುಡಾ ಎಂಬ ವೈದ್ಯರು ವಿವರಿಸಿದ್ದರು. ಬೊಕ್ಕತಲೆಗೆ ಇದನ್ನು ಮೊದಲು ಮಾಡಿದವರು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್, 1952ರಲ್ಲಿ. ಹಿಂದಲೆಯಿಂದ ತೆಗೆದು ಮುಂದಲೆಯಲ್ಲಿ ನೆಟ್ಟ ಕೂದಲು ತನ್ನ ಮೂಲದ ಗುಣವನ್ನೇ ಉಳಿಸಿಕೊಂಡು ಬೆಳೆಯುತ್ತದೆ, ನೆಟ್ಟ ಜಾಗದ ಗುಣವನ್ನಲ್ಲ ಎಂಬುದನ್ನು ಅವರು 1959ರಲ್ಲಿ ಪ್ರಕಟಿಸಿದರು. ಇಂದಿನ ಕಸಿಯೆಲ್ಲ ಈ ಒಂದು ತತ್ತ್ವದ ಮೇಲೆ ನಿಂತಿದೆ. ಅಂದು ದಪ್ಪ ಗುಚ್ಛಗಳನ್ನು ನೆಡುತ್ತಿದ್ದುದರಿಂದ ತಲೆ ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಈಗ ಒಂದರಿಂದ ನಾಲ್ಕು ಕೂದಲಿರುವ ಸಹಜವಾದ ಸಣ್ಣ ಘಟಕಗಳನ್ನೇ ನೆಡುತ್ತಾರೆ. ಅವುಗಳನ್ನು ಗ್ರಾಫ್ಟ್ ಎನ್ನುತ್ತಾರೆ. ತೆಗೆಯುವ ಬಗೆ ಎರಡು. ಹಿಂದಲೆಯ ಚರ್ಮದ ಒಂದು ಪಟ್ಟಿಯನ್ನೇ ಕೊಯ್ದು, ಹೊಲಿಗೆ ಹಾಕಿ, ಆ ಪಟ್ಟಿಯಿಂದ ಗ್ರಾಫ್ಟುಗಳನ್ನು ಬಿಡಿಸುವುದು ಒಂದು. ಇದರಲ್ಲಿ ಗೆರೆಯಂತೆ ಗಾಯದ ಕಲೆ ಉಳಿಯುತ್ತದೆ. ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಸಣ್ಣ ಕೊಳವೆಯಿಂದ ಒಂದೊಂದನ್ನೇ ಬಿಡಿಸಿ ತೆಗೆಯುವುದು ಇನ್ನೊಂದು. ಇದರಲ್ಲಿ ಚುಕ್ಕೆಗಳಂತೆ ಕಲೆಗಳಾಗುತ್ತವೆ. ಕಲೆಯೇ ಇರುವುದಿಲ್ಲ ಎನ್ನುವ ಮಾತು ನಿಜವಲ್ಲ. ಎರಡೂ ಸ್ಥಳೀಯ ಅರಿವಳಿಕೆಯಲ್ಲಿ ನಡೆಯುವ, ದಿನದ ಹೆಚ್ಚು ಭಾಗವನ್ನು ಹಿಡಿಯುವ ಕೆಲಸ.

ಇಲ್ಲಿ ನಮ್ಮ ಗೃಹಸ್ಥರು ಮನಸ್ಸಿಟ್ಟು ತಿಳಿಯಬೇಕಾದ ಒಂದು ಮಾತಿದೆ. ಈ ಲೇಖನದಲ್ಲಿ ಬೇರೆಲ್ಲವನ್ನು ಮರೆತರೂ ಇದನ್ನು ಮರೆಯಬಾರದು. ಕಸಿಯಿಂದ ಹೊಸ ಕೂದಲು ಒಂದೂ ಹುಟ್ಟುವುದಿಲ್ಲ. ಇದ್ದ ಕೂದಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಅಷ್ಟೇ. ತೆಗೆದ ಕಡೆ ಅದು ಮರಳಿ ಬೆಳೆಯುವುದಿಲ್ಲ.

ಹಿಂದೆ ನಮ್ಮ ಉತ್ತರದ ಜಿಲ್ಲೆಗಳ ಮನೆಗಳಲ್ಲಿ ಜೋಳ ತುಂಬಿಡುವ ಹಗೇವುಗಳಿರುತ್ತಿದ್ದವು. ಮಳೆ ಒಂದು ವಾರ ತಡವಾಯಿತೆಂದು ಯಾವ ಯಜಮಾನನೂ ಹಗೇವಿನ ಬಾಯಿ ತೆಗೆಯುತ್ತಿರಲಿಲ್ಲ. ಬರ ಎಷ್ಟು ಕಾಲದ್ದು, ಉಣ್ಣುವ ಬಾಯಿಗಳೆಷ್ಟು ಎಂದು ಲೆಕ್ಕ ಹಾಕಿ, ಅದು ನಿಶ್ಚಯವಾದ ಮೇಲೆ ತೆಗೆಯುತ್ತಿದ್ದ. ತರುಣನ ಹಿಂದಲೆಯೇ ಅವನ ಹಗೇವು. ಸಾಮಾನ್ಯವಾಗಿ ಒಬ್ಬನ ಹಿಂದಲೆಯಿಂದ ಅಂದಗೆಡದಂತೆ ಇಡೀ ಆಯುಷ್ಯದಲ್ಲಿ ತೆಗೆಯಬಹುದಾದುದು ಸುಮಾರು 5,000ದಿಂದ 6,000 ಗ್ರಾಫ್ಟ್. ಕೆಲವರಲ್ಲಿ ಇದಕ್ಕಿಂತ ಹೆಚ್ಚು, ಕೆಲವರಲ್ಲಿ ಕಡಿಮೆ. ಖರ್ಚಿನ ಕಡೆ ನೋಡಿ. ಬೊಕ್ಕತಲೆಯ ಹಂತಗಳನ್ನು ವೈದ್ಯರು ಹ್ಯಾಮಿಲ್ಟನ್ ಹಾಕಿಕೊಟ್ಟು 1975ರಲ್ಲಿ ನಾರ್ವುಡ್ ಪರಿಷ್ಕರಿಸಿದ ಕ್ರಮದಂತೆ ಏಳಾಗಿ ಗುರುತಿಸುತ್ತಾರೆ. ಏಳನೆಯ ಹಂತ ಮುಟ್ಟಿದವನ ಬೋಳು ಜಾಗ ಸುಮಾರು 200 ಚದರ ಸೆಂಟಿಮೀಟರಿನಷ್ಟಾಗಬಹುದು. ಚದರ ಸೆಂಟಿಮೀಟರಿಗೆ 40ರಂತೆ ನೆಟ್ಟರೂ 8,000 ಗ್ರಾಫ್ಟ್ ಬೇಕು. ಹಗೇವಿನಲ್ಲಿ ಅಷ್ಟಿಲ್ಲ.

ಪತ್ರ ಬರೆದ ಗೃಹಸ್ಥರ ಮಗನ ಲೆಕ್ಕವನ್ನು ಈಗ ನೋಡೋಣ. 23ರ ವಯಸ್ಸಿನಲ್ಲಿ ಒಂದೇ ಸಲಕ್ಕೆ 3,500 ತೆಗೆದು ಹಣೆಯ ಅಂಚನ್ನು ಹದಿನೆಂಟರ ಹುಡುಗನಂತೆ ಕೆಳಗಿಳಿಸಿ ಕಟ್ಟಿದರೆ, ಉಳಿಯುವುದು ಎರಡು ಸಾವಿರದ ಆಸುಪಾಸು. ಉದುರುವಿಕೆ ಕಸಿಯಿಂದ ನಿಲ್ಲುವುದಿಲ್ಲ. ನೆಟ್ಟ ಕೂದಲು ನಿಲ್ಲುತ್ತದೆ, ಅದರ ಹಿಂದಿನ ಅವನ ಸ್ವಂತ ಕೂದಲು ಉದುರುತ್ತಲೇ ಹೋಗುತ್ತದೆ. ಎರಡೇ ವರ್ಷದಲ್ಲಿ ಇಷ್ಟು ಹಿಂದೆ ಸರಿದುದು ಮೂವತ್ತರ ಹೊತ್ತಿಗೆ ಎಲ್ಲಿ ಮುಟ್ಟೀತೆಂದು ಇಂದು ಯಾರೂ ಖಚಿತವಾಗಿ ಹೇಳಲಾರರು. ಆಗ ಮುಂದೆ ಒಂದು ಕೂದಲಿನ ಬೇಲಿ, ಅದರ ಹಿಂದೆ ಬಯಲು, ಆ ಬಯಲಿಗೆ ನೆಡಲು ಹಿಂದಲೆಯಲ್ಲಿ ಬಂಡವಾಳವಿಲ್ಲ. ಸಹಜವಾಗಿ ಬೋಳಾದವನನ್ನು ಲೋಕ ಎರಡು ದಿನದಲ್ಲಿ ಮರೆಯುತ್ತದೆ. ಹೀಗೆ ಅರೆಬರೆಯಾದವನು ಮಾತ್ರ ಪ್ರತಿದಿನವೂ ಕನ್ನಡಿಯ ಮುಂದೆ ಲಜ್ಜೆಪಡಬೇಕು. ಭರ್ತೃಹರಿಯ ನೀತಿಶತಕದಲ್ಲಿ, ಬಿಸಿಲಿಗೆ ತಲೆ ಕಾದ ಬೊಕ್ಕತಲೆಯವನೊಬ್ಬ ನೆರಳನ್ನರಸಿ ಮರದಡಿಗೆ ಹೋಗಿ ನಿಂತಾಗ ಮರದ ದೊಡ್ಡ ಹಣ್ಣೇ ತಲೆಯ ಮೇಲೆ ಬಿದ್ದ ಪ್ರಸಂಗ ಬರುತ್ತದೆ. ಆ ಬಡಪಾಯಿಗೆ ಮರವನ್ನು ಮೇಲೆತ್ತಿ ನೋಡುವ ವ್ಯವಧಾನವಿರಲಿಲ್ಲ. ನಮ್ಮ ಮಕ್ಕಳಿಗೆ ಆ ವ್ಯವಧಾನವನ್ನು ಕೊಡುವುದು ನಮ್ಮ ಕೈಯಲ್ಲಿದೆ.

ಕೂದಲು ವೇಗವಾಗಿ ಉದುರುತ್ತಿರುವವನೇ ಬೇಗನೆ ಕಸಿ ಮಾಡಿಸಬೇಕೆಂದು ಲೋಕ ತಿಳಿದಿದೆ. ವಿವೇಕ ಇದಕ್ಕೆ ವಿರುದ್ಧವಾಗಿದೆ. ವೇಗವಾಗಿ ಉದುರುತ್ತಿರುವವನೇ ಹೆಚ್ಚು ಕಾಯಬೇಕು, ಏಕೆಂದರೆ ಅವನಿಗೆ ಮುಂದೆ ಬೇಕಾಗುವುದೇ ಹೆಚ್ಚು. ಪ್ರಾಮಾಣಿಕರಾದ ಶಸ್ತ್ರವೈದ್ಯರು 25ರೊಳಗಿನವರಿಗೆ ಕಸಿ ಮಾಡಲು ಹಿಂಜರಿಯುವುದು ಇದೇ ಕಾರಣಕ್ಕೆ. ಕೆಲವು ತರುಣರಲ್ಲಿ ಹಿಂದಲೆಯ ಕೂದಲೂ ಒಟ್ಟೊಟ್ಟಿಗೆ ತೆಳುವಾಗುತ್ತಿರುತ್ತದೆ. ಅಂಥವರಲ್ಲಿ ಅಲ್ಲಿಂದ ತೆಗೆದು ನೆಟ್ಟದ್ದೂ ಉದುರುವ ಸಂಭವವಿರುವುದರಿಂದ ಅವರಿಗೆ ಕಸಿಯೇ ಹೊಂದುವುದಿಲ್ಲ. ಇದನ್ನು ಬರಿಗಣ್ಣಿನಿಂದ ನಿರ್ಣಯಿಸಲಾಗದು. ತಜ್ಞರು ದೊಡ್ಡದು ಮಾಡಿ ತೋರಿಸುವ ಸಾಧನದಿಂದ ಪರೀಕ್ಷಿಸಬೇಕು.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ಇರುವ ಕೂದಲನ್ನು ಉಳಿಸಿಕೊಳ್ಳುವ ಔಷಧಗಳಿವೆ. ಮೊದಲನೆಯದು ಮಿನಾಕ್ಸಿಡಿಲ್. ಇದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆಲ್ಲ ರೋಮ ಬೆಳೆದುದನ್ನು ಕಂಡು ತಲೆಗೆ ಹಚ್ಚುವ ದ್ರಾವಣವನ್ನು ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಹಚ್ಚತೊಡಗಿದ ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು. ಗುಣ ಕಾಣಲು ನಾಲ್ಕಾರು ತಿಂಗಳಾದರೂ ಬೇಕು. ಎರಡನೆಯದು ಫಿನಾಸ್ಟರೈಡ್. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿನಿಂದಲೇ ಮೇಲೆ ಹೇಳಿದ ಕಿಣ್ವದ ಕೊರತೆಯಿದ್ದ ಕೆಲವು ಕುಟುಂಬಗಳ ವಿಚಾರ 1974ರಲ್ಲಿ ಪ್ರಕಟವಾಯಿತು. ಆ ಕುಟುಂಬಗಳ ಅಂಥ ಗಂಡಸರಿಗೆ ತಲೆ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಔಷಧವೇ ಇದು. 1992ರಲ್ಲಿ ಪ್ರೋಸ್ಟೇಟ್ ಗ್ರಂಥಿಯ ಊತಕ್ಕೂ, 1997ರಲ್ಲಿ ಕಡಿಮೆ ಪ್ರಮಾಣದಲ್ಲಿ ಬೊಕ್ಕತಲೆಗೂ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇದರಿಂದ ಕೆಲವರಲ್ಲಿ ದಾಂಪತ್ಯಕ್ಕೆ ಸಂಬಂಧಿಸಿದ ತೊಂದರೆ, ಮನಸ್ಸಿನ ಕುಗ್ಗು ಉಂಟಾಗುತ್ತದೆ. ಆತ್ಮಹತ್ಯೆಯ ಆಲೋಚನೆಯೂ ಈ ಮಾತ್ರೆಯ ಅಡ್ಡಪರಿಣಾಮಗಳಲ್ಲಿ ಸೇರಿದೆಯೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಖಚಿತಪಡಿಸಿತು. ಆದ್ದರಿಂದ ಗೆಳೆಯ ಹೇಳಿದನೆಂದು ಔಷಧದಂಗಡಿಯಲ್ಲಿ ಕೊಂಡು ನುಂಗುವ ಮಾತ್ರೆಯಲ್ಲ ಇದು. ವೈದ್ಯರು ಬರೆದುಕೊಟ್ಟರೆ ಮಾತ್ರ ನುಂಗಬೇಕು; ಮನಸ್ಸು ಕುಗ್ಗಿದಂತೆ ಕಂಡರೆ ಕೂಡಲೇ ಅವರಿಗೆ ತಿಳಿಸಬೇಕು. ಗರ್ಭಿಣಿಯರು ಇದರ ಒಡೆದ ಮಾತ್ರೆಯನ್ನು ಮುಟ್ಟಲೂ ಬಾರದು. ಎರಡು ಔಷಧಗಳ ಗುಣವೂ ಬಳಸುವವರೆಗೆ ಮಾತ್ರ. ನಿಲ್ಲಿಸಿದರೆ ಕೆಲವೇ ತಿಂಗಳುಗಳಲ್ಲಿ ಹೋಗಬೇಕಾದುದು ಹೋಗುತ್ತದೆ.

ಆ ತಂದೆಗೆ ನಮ್ಮ ಉತ್ತರ ಹೀಗಿದೆ. ಬಂಗಾರ ಪೆಟ್ಟಿಗೆಯಲ್ಲಿಯೇ ಇರಲಿ. ಮಗನನ್ನು ಚರ್ಮರೋಗ ತಜ್ಞರಿಗೆ ತೋರಿಸಿರಿ. ಅವರು ಹೇಳಿದ ಚಿಕಿತ್ಸೆಯನ್ನು ಒಂದು ವರ್ಷ ತಪ್ಪದೆ ನಡೆಸಲಿ. ಮೂರು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ತಲೆಯ ಫೋಟೋ ತೆಗೆದಿಟ್ಟರೆ ಉದುರುವಿಕೆ ನಿಂತಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಸಾಕ್ಷಿ. ನಿಂತಿದೆಯೆಂದು ಖಚಿತವಾಗಿ, ವಯಸ್ಸೂ ಮಾಗಿದ ಮೇಲೆ, ಆಗಲೂ ಮಗನಿಗೆ ಮನಸ್ಸಿದ್ದರೆ, ವಯಸ್ಸಿಗೆ ತಕ್ಕ ಹಣೆಯ ಅಂಚನ್ನು ಮಿತವಾಗಿ ಕಟ್ಟಿಸಿಕೊಳ್ಳಲಿ. ಆರು ತಿಂಗಳ ಮದುವೆಗಾಗಿ ಕಸಿ ಮಾಡಿಸುವುದಂತೂ ಲೆಕ್ಕಕ್ಕೇ ಬಾರದು. ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಬೇರು ಮಾತ್ರ ಒಳಗಿರುತ್ತದೆ. ಮೂರು ನಾಲ್ಕು ತಿಂಗಳ ಮೇಲೆ ಮೊಳೆಯತೊಡಗಿ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಪೂರ್ಣ ಫಲ ಕಾಣಲು ಒಂದು ವರ್ಷವಾದರೂ ಬೇಕು. ಅಕ್ಷತೆಯ ದಿನಕ್ಕೆ ಹುಡುಗನ ತಲೆ ಅರೆಬೆಳೆಯ ಹೊಲದಂತಿರುತ್ತದೆ.

ಮುಂದೆ ಎಂದಾದರೂ ಕಸಿಗೆ ಹೋಗುವವರು ಇದು ಶಸ್ತ್ರಚಿಕಿತ್ಸೆ, ಕ್ಷೌರದಂಗಡಿಯ ಕೆಲಸವಲ್ಲ ಎಂಬುದನ್ನು ನೆನಪಿಡಬೇಕು. 2016ರಲ್ಲಿ ಚೆನ್ನೈಯಲ್ಲಿ ವೈದ್ಯಕೀಯವನ್ನೇ ಓದುತ್ತಿದ್ದ 22ರ ತರುಣನೊಬ್ಬ ಕೂದಲು ಕಸಿಯ ನಂತರ ತೀರಿಕೊಂಡ. 2025ರಲ್ಲಿ ಕಾನ್ಪುರದಿಂದ ಇಂಥದೇ ಸಾವಿನ ಸುದ್ದಿ ಬಂದು, ಹಲ್ಲಿನ ವೈದ್ಯಕೀಯ ಓದಿದವರು ಕಸಿ ಮಾಡಿದರೆಂಬ ಆರೋಪದ ಮೇಲೆ ಮೊಕದ್ದಮೆಯಾಯಿತು. ಅರಿವಳಿಕೆಯ ಮದ್ದು ಮಿತಿ ಮೀರಿದರೆ ಮೆದುಳಿಗೂ ಹೃದಯಕ್ಕೂ ವಿಷವಾಗುತ್ತದೆ. ಮದ್ದು ಮೈಗೊಗ್ಗದೆ ಉಸಿರು ಕಟ್ಟುವುದೂ ಉಂಟು. ಶುಚಿಯಿಲ್ಲದ ಕಡೆ ನಂಜೇರುತ್ತದೆ. ಇವು ಅಪರೂಪ, ಆದರೆ ಆ ಅಪರೂಪದ ಗಳಿಗೆಯಲ್ಲಿ ಪಕ್ಕದಲ್ಲಿ ತಿಳಿದ ವೈದ್ಯರಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಕೂದಲು ಕಸಿಯನ್ನು ತಕ್ಕ ಶಸ್ತ್ರ ತರಬೇತಿ ಪಡೆದ ನೋಂದಾಯಿತ ವೈದ್ಯರೇ ನಡೆಸಬೇಕೆಂದೂ, ಕಾರ್ಯಾಗಾರಗಳಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ತರಬೇತಿಯೆನಿಸದೆಂದೂ ಸ್ಪಷ್ಟಪಡಿಸಿದೆ. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಇಂಥ ಕೇಂದ್ರಗಳು ನೋಂದಣಿ ಪಡೆದಿರಬೇಕು.

ಆದುದರಿಂದ ಹಣ ಕಟ್ಟುವ ಮೊದಲು ತಂದೆಯಾದವರು ಜೊತೆಗೆ ಹೋಗಿ ಸಂಕೋಚವಿಲ್ಲದೆ ಕೇಳಬೇಕು: ವೈದ್ಯರ ಪದವಿ ಯಾವುದು, ಅವರ ನೋಂದಣಿ ಸಂಖ್ಯೆ ಏನು? ಹಿಂದಲೆಯಿಂದ ತೆಗೆಯುವವರು, ನೆಡಲು ರಂಧ್ರ ಮಾಡುವವರು ಅವರೇ ಏನು, ಅಥವಾ ಸಹಾಯಕರೇ? ಅವರು ಇಡೀ ದಿನ ಅಲ್ಲಿಯೇ ಇರುತ್ತಾರೆಯೇ? ಮೈಗೊಗ್ಗದಿದ್ದರೆ ತುರ್ತು ಚಿಕಿತ್ಸೆಯ ವ್ಯವಸ್ಥೆ ಎಲ್ಲಿದೆ? ಈ ಹುಡುಗನಿಗೆ ಮುಂದೆ ಇನ್ನೆಷ್ಟು ಉದುರಬಹುದು, ಆಗ ಹಿಂದಲೆಯಲ್ಲಿ ಎಷ್ಟು ಉಳಿದಿರುತ್ತದೆ? ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವ, 'ಈಗ ಬೇಡ, ಹೋಗಿ ಬನ್ನಿ' ಎನ್ನಬಲ್ಲ ವೈದ್ಯರನ್ನು ನಂಬಬಹುದು. ತಿಂಗಳ ಕೊನೆಯೊಳಗೆ ರಿಯಾಯಿತಿ ಎನ್ನುವವರಿಂದ ದೂರವಿರುವುದು ಲೇಸು.

ಕಸಿ ಮಾಡಿಸುವುದು ದೇಹವ್ಯಾಮೋಹವಲ್ಲವೇ, ಅದು ಪಾಪವಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಕಣ್ಣು ಮಂದವಾದಾಗ ಕನ್ನಡಕ ಹಾಕುತ್ತೇವೆ, ಹಲ್ಲು ಬಿದ್ದಾಗ ಕಟ್ಟಿಸಿಕೊಳ್ಳುತ್ತೇವೆ. ಬೆಂಕಿಯಲ್ಲಿ ತಲೆ ಸುಟ್ಟವರಿಗೆ ಈ ವಿದ್ಯೆ ಮುಖವನ್ನೇ ಮರಳಿ ಕೊಟ್ಟಿದೆ. ಮೂವತ್ತು ದಾಟಿದ, ಉದುರುವಿಕೆ ನಿಂತ, ದುಡಿದ ಹಣದಲ್ಲಿ, ತಿಳಿದು ಮಾಡಿಸಿಕೊಳ್ಳುವವನಲ್ಲಿ ದೋಷವೆಣಿಸಲು ನಮಗೆ ಕಾರಣ ಕಾಣದು. ಬಾಧೆಯಲ್ಲಿರುವ ಹುಡುಗನಿಗೆ ವೈರಾಗ್ಯ ಬೋಧಿಸುವುದು ಸುಲಭ. ಆದರೆ ಹಾಗೆ ಬೋಧಿಸುವ ನಾವೇ ಸೊಸೆಯನ್ನು ನೋಡಲು ಹೋದಾಗ ಅವಳ ಬಣ್ಣವನ್ನೂ ಎತ್ತರವನ್ನೂ ಅಳೆಯುತ್ತೇವೆ. ಅಳಿಯನನ್ನು ಆರಿಸುವಾಗ ಫೋಟೋದಲ್ಲಿ ಹಣೆ ಅಗಲ ಕಂಡರೆ ಪಕ್ಕಕ್ಕಿಡುತ್ತೇವೆ. ತರುಣರು ಅಂಜುವುದು ಕೂದಲು ಹೋಗುವುದಕ್ಕಲ್ಲ, ನಮ್ಮ ಈ ಅಳತೆಗೋಲಿಗೆ.

ಮಂಗಳೂರಿನ ಹಿನ್ನೆಲೆಯಲ್ಲಿ 2017ರಲ್ಲಿ ಬಂದ 'ಒಂದು ಮೊಟ್ಟೆಯ ಕಥೆ' ಎಂಬ ಚಲನಚಿತ್ರದ ನಾಯಕ ಬೊಕ್ಕತಲೆಯ ಕನ್ನಡ ಉಪನ್ಯಾಸಕ. ಕನ್ಯೆ ಹುಡುಕುವ ಅವನ ಪಾಡೇ ಅದರ ಕಥೆ. ಜನ ಅದನ್ನು ನೋಡಿ ನಕ್ಕರು, ಮೆಚ್ಚಿಕೊಂಡರು. ನಕ್ಕವರ ಮನೆಗಳಲ್ಲಿಯೂ ಅಂಥ ಹುಡುಗರಿದ್ದಾರೆ, ಅಂಥ ವರಗಳನ್ನು ಬೇಡವೆಂದವರೂ ಇದ್ದಾರೆ. ಕನ್ಯಾಪಿತೃಗಳಲ್ಲಿ ನಮ್ಮದೊಂದು ಬಿನ್ನಹ: ವರನ ದುಡಿಮೆ, ನಡತೆ, ಚಟಗಳು, ಕೋಪ, ಹೆಣ್ಣುಮಕ್ಕಳೊಡನೆ ಅವನು ಮಾತಾಡುವ ರೀತಿ, ಇವುಗಳನ್ನು ವಿಚಾರಿಸಿರಿ. ನಲವತ್ತು ವರ್ಷ ಮಗಳು ಬಾಳುವುದು ಇವುಗಳೊಡನೆ. ಇಂದು ದಟ್ಟವಾಗಿರುವ ತಲೆ ನಾಳೆ ಹಾಗೆಯೇ ಇರುತ್ತದೆಂಬ ಪತ್ರ ಯಾರ ಬಳಿಯೂ ಇಲ್ಲ. ವರನ ಕಡೆಯವರಲ್ಲಿಯೂ ಒಂದು ಮಾತು: ಔಷಧ ನಡೆಯುತ್ತಿದ್ದರೆ, ಕಸಿಯಾಗಿದ್ದರೆ, ತಲೆಯ ಮೇಲಿನದು ಕೂರಿಸಿದ ಕೂದಲಾಗಿದ್ದರೆ, ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿರಿ. ಬೊಕ್ಕತಲೆಯಿಂದ ಮುರಿದ ಸಂಸಾರವನ್ನು ನಾವು ಕಂಡಿಲ್ಲ. ಮುಚ್ಚಿಟ್ಟದ್ದು ಬಯಲಾಗಿ ಕಹಿಯಾದ ಸಂಸಾರಗಳನ್ನು ಕಂಡಿದ್ದೇವೆ.

ತಾಯಂದಿರೇ, ಮಗ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ ಬೈಯದಿರಿ. ಪಕ್ಕದಲ್ಲಿ ಕುಳಿತು ಕೇಳಿರಿ. ಅಣ್ಣಂದಿರು, ಮಾವಂದಿರು ಹಬ್ಬದ ಪಂಕ್ತಿಯಲ್ಲಿ ಹುಡುಗನ ತಲೆಯ ಮೇಲೆ ತಮಾಷೆ ಮಾಡುವುದನ್ನು ಬಿಡಲಿ. ಆ ಒಂದು ನಗು ಅವನನ್ನು ಸಾಲ ಮಾಡಿಸಿ ಶಸ್ತ್ರದ ಕೆಳಗೆ ಮಲಗಿಸಬಲ್ಲದು. ಅವನು ಊಟ ಬಿಟ್ಟರೆ, ಗೆಳೆಯರನ್ನು ಬಿಟ್ಟರೆ, ಬಾಳೇ ಬೇಡವೆಂಬ ಮಾತಾಡಿದರೆ, ಅದನ್ನು ಕೂದಲಿನ ಚಿಂತೆಯೆಂದು ತಳ್ಳಿಹಾಕದೆ ಅಂದೇ ಮನೋವೈದ್ಯರಲ್ಲಿ ಕರೆದೊಯ್ಯಿರಿ. ತರುಣರೇ, ನಿಮ್ಮ ಚಿಂತೆಯನ್ನು ನಾವು ಅಲ್ಪವೆನ್ನುವುದಿಲ್ಲ. ಒಂದೆರಡು ವರ್ಷ ಕಾಯಿರಿ ಎಂದಷ್ಟೇ ಹೇಳುತ್ತೇವೆ. ಕಾದವನ ಮುಂದೆ ಔಷಧ, ಕಸಿ, ಸಹಜವಾಗಿ ಬೋಳಿಸಿಕೊಂಡು ನೆಮ್ಮದಿಯಿಂದಿರುವುದು, ಈ ಮೂರು ದಾರಿಗಳೂ ತೆರೆದಿರುತ್ತವೆ. ಅವಸರಿಸಿದವನಿಗೆ ಹಿಂದಲೆಯಿಂದ ಒಮ್ಮೆ ಹೋದದ್ದು ಮರಳಿ ಬಾರದು.